ನೀರು ಬೆಟ್ಟಸ್ವಾಮಿ ಮತ್ತು ನಾಲ್ಕು ಗಂಟೆಯ ಹಸಿವು

ಹುಣಸೂರಿನ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರ್ ಇದೆ. ಅದಕ್ಕೆ ಮಾಲೀಕರಿದ್ದಾರೆ, ಯಂತ್ರವಿದೆ, ಮೈಸೂರಿನಿಂದ ಬರುವ ಡಾಕ್ಟರಿದ್ದಾರೆ, ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ದೊಡ್ಡ ಫಲಕವಿದೆ. ಆದರೂ ಸುತ್ತಲಿನ ನಾಲ್ಕು ತಾಲ್ಲೂಕಿನ ಜನರ ಬಾಯಲ್ಲಿ ಅದು ಬೆಟ್ಟಸ್ವಾಮಿಯ ಸ್ಕ್ಯಾನಿಂಗು. ಬೆಟ್ಟಸ್ವಾಮಿ ಅಲ್ಲಿ ಬಾಗಿಲು ಕಾಯುವವನು.

ಟೋಕನ್ ಕೂಗುವುದು, ಪರದೆ ಎಳೆಯುವುದು, ಹೊಟ್ಟೆಗೆ ಹಚ್ಚಿದ ಜೆಲ್ ಒರೆಸಿಕೊಳ್ಳಲು ಕಾಗದ ಕೊಡುವುದು ಅವನ ಸಂಬಳದ ಕೆಲಸ. ಅವನ ದೃಷ್ಟಿಯಲ್ಲಿ ಇವೆಲ್ಲ ಗೌಣ. ಅವನ ನಿಜವಾದ ಕೆಲಸ ನೀರು ಕುಡಿಸುವುದು. ಕೆಳಹೊಟ್ಟೆಯ ಸ್ಕ್ಯಾನ್ ಚೆನ್ನಾಗಿ ಬರಬೇಕಾದರೆ ಮೂತ್ರಕೋಶ ತುಂಬಿರಬೇಕು. ಹತ್ತೊಂಬತ್ತು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಮೊದಲ ದಿನ ಅವನು ಈ ಒಂದು ಸತ್ಯವನ್ನು ಕಲಿತ. ಎರಡನೆಯದನ್ನು ಕಲಿಯುವ ಅಗತ್ಯ ಅವನಿಗೆ ಕಂಡಿರಲಿಲ್ಲ.

ಕಾರಿಡಾರಿನ ತುದಿಯಲ್ಲಿ ನಲ್ಲಿ ಇರುವ ಒಂದು ನೀಲಿ ಡ್ರಮ್ಮು. ಅದರ ಪಕ್ಕದಲ್ಲಿ ಸರಪಳಿ ಕಟ್ಟಿದ ಸ್ಟೀಲ್ ಲೋಟ. ಅವುಗಳ ನಡುವೆ ಬೆಟ್ಟಸ್ವಾಮಿ.

“ಇನ್ನೊಂದು ಲೋಟ. ಊಂ, ಇನ್ನೊಂದು. ಬಂದದಾ? ಬಂದ್ರೂ ತಡ್ಕಳಿ. ತಡ್ಕಂಡಷ್ಟೂ ಪಿಚ್ಚರ್ರು ಕ್ಲಿಯರ್ರು.”

ಯಾರ ಹೊಟ್ಟೆಯಲ್ಲಿ ಎಷ್ಟು ನೀರಿದೆ ಎಂದು ನಡಿಗೆ ನೋಡಿಯೇ ಹೇಳಬಲ್ಲೆನೆಂದು ಅವನಿಗೆ ನಂಬಿಕೆ. ಕಾಲು ಹೆಣೆದುಕೊಂಡು ಕೂತ ಬಸುರಿಯರು, ಕೆ.ಆರ್. ನಗರದಿಂದ ಕಿಡ್ನಿ ಕಲ್ಲು ಹಿಡಿದುಕೊಂಡು ಬಂದ ಗದ್ದೆಯವರು, ಎಲ್ಲರೂ ಅವನ ಹುಬ್ಬಿನ ಸನ್ನೆಗೆ ಕಾದು ಕೂರುತ್ತಿದ್ದರು. ಒಮ್ಮೆ ಮೊಣಕೈ ಸ್ಕ್ಯಾನಿಗೆ ಬಂದ ಒಬ್ಬನಿಗೂ ಒಂದು ಲೀಟರ್ ಕುಡಿಸಿದ. ಪಿರಿಯಾಪಟ್ಟಣದ ನಿವೃತ್ತ ಹೆಡ್‌ಮಾಸ್ಟರೊಬ್ಬರು ಐದು ಲೋಟ ಕುಡಿದು, ಒಂದೂವರೆ ಗಂಟೆ ತಡೆದುಕೊಂಡು ಕೂತು, ತಮ್ಮ ಸರದಿ ಬಂದಾಗ ತಾವು ಹೆಂಡತಿಯ ರಿಪೋರ್ಟ್ ಒಯ್ಯಲು ಬಂದವರೆಂದು ತಿಳಿಸಿದರು. ಮೊದಲೇ ಯಾಕೆ ಹೇಳಲಿಲ್ಲ ಎಂದರೆ, “ನೀವು ಕೇಳಲಿಲ್ಲವಲ್ಲ” ಎಂದರು. ನಲವತ್ತು ವರ್ಷ ಮಕ್ಕಳನ್ನು ತಮ್ಮ ಮಾತಿನಂತೆ ನಡೆಸಿದವರು, ಬೆಟ್ಟಸ್ವಾಮಿಯ ಮುಂದೆ ತಾವೇ ಒಂದನೇ ಕ್ಲಾಸಿನ ಹುಡುಗನಾಗಿದ್ದರು.

ಹಾಗಾಗಿ ಜನ ಅವನನ್ನು ನೀರು ಬೆಟ್ಟಸ್ವಾಮಿ ಎಂದರು. ಅವನು ಅದನ್ನು ಬಿರುದೆಂದು ಸ್ವೀಕರಿಸಿದ. ಸಂಜೆ ತನ್ನೂರು ಬಿಳಿಕೆರೆಯಲ್ಲಿ ಬಸ್ಸಿಳಿದು ಟೀ ಅಂಗಡಿಯ ಬೆಂಚಿನಲ್ಲಿ ಕೂತರೆ ಅವನ ಮಾತು “ನಾವು ಸ್ಕ್ಯಾನ್ ಮಾಡ್ದಾಗ” ಎಂದೇ ಶುರುವಾಗುತ್ತಿತ್ತು.

ಎಳೆಮಕ್ಕಳಿಗೆ ಮಾತ್ರ ಅವನ ಕಾನೂನು ಬೇರೆ. ಎಳೆಮಗು ಅಲುಗಾಡಿದರೆ ಚಿತ್ರ ಕೆಡುತ್ತದೆ. ಅದಕ್ಕೆ ಹೊಟ್ಟೆ ತುಂಬ ಹಾಲು ಕುಡಿಸಿ ಮಲಗಿಸಿಯೇ ಒಳಗೆ ಬಿಡಬೇಕು. ತಲೆಯ ಸ್ಕ್ಯಾನಿಗೆ, ಸೊಂಟದ ಕೀಲಿನ ಸ್ಕ್ಯಾನಿಗೆ ಇದು ಸರಿಯಾಗಿಯೇ ನಡೆದುಬಂದಿತ್ತು. ದೊಡ್ಡವರಾದರೆ ನೀರು, ಚಿಕ್ಕವರಾದರೆ ಹಾಲು. ಒಟ್ಟಿನಲ್ಲಿ ಬೆಟ್ಟಸ್ವಾಮಿಯ ಬಾಗಿಲನ್ನು ಖಾಲಿ ಹೊಟ್ಟೆ ದಾಟುವಂತಿರಲಿಲ್ಲ. ಡಾಕ್ಟರ ಚೀಟಿ ನೋಡುವ ಅಭ್ಯಾಸ ಅವನಿಗೆ ತಪ್ಪಿ ಹೋಗಿ ಹನ್ನೊಂದು ವರ್ಷವಾಗಿತ್ತು.

ಜೂನ್ ತಿಂಗಳ ಕೊನೆಯ ಮಂಗಳವಾರ ನಾಗರಹೊಳೆ ಕಾಡಂಚಿನ ಒಂದು ಗಿರಿಜನರ ಹಾಡಿಯಿಂದ ರೇಣುಕಾ ಎಂಬ ಬಾಣಂತಿ ಬಂದಳು. ಜೊತೆಯಲ್ಲಿ ಅವಳ ಅತ್ತೆ ಚಿಕ್ಕಮಾದಿ. ಗಂಡ ಕೃಷ್ಣ ಕೊಡಗಿನ ಕಾಫಿ ತೋಟದಲ್ಲಿ ಕಳೆ ಕೀಳುವ ಕೆಲಸಕ್ಕೆ ಹೋಗಿದ್ದ. ರೇಣುಕಾಳ ಮಡಿಲಲ್ಲಿ ನಲವತ್ತೆರಡು ದಿನದ ಹೆಣ್ಣು ಕೂಸು.

ಕೂಸಿನ ಕಣ್ಣಿನ ಬಿಳಿ ಇರಬೇಕಾದಲ್ಲಿ ಹಣ್ಣಾದ ನಿಂಬೆಯ ಬಣ್ಣ ಇತ್ತು. ಹುಟ್ಟಿದ ಕೂಸು ಹಳದಿಯಾಗುವುದು ಮಾಮೂಲು, ಬೆಳಗಿನ ಬಿಸಿಲಿಗೆ ಹಿಡಿಯಿರಿ ಎಂದು ಎಲ್ಲರೂ ಹೇಳಿದ್ದರು. ಹಿಡಿದಿದ್ದರು. ಹದಿನೈದು ದಿನಕ್ಕೆ ಹೋಗಬೇಕಾದ ಹಳದಿ ತಿಂಗಳು ಕಳೆದರೂ ಹೋಗಲಿಲ್ಲ. ಮೊದಲು ಎಚ್ಚೆತ್ತವಳು ಚಿಕ್ಕಮಾದಿ. ಬಟ್ಟೆ ಒಗೆಯುವಾಗ ಅವಳಿಗೆ ಲೆಕ್ಕ ತಿರುಗುಮುರುಗಾಗಿ ಕಂಡಿತು. ಕೂಸಿನ ಉಚ್ಚೆಯ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಹೇಲಿನ ಕಲೆ ಇರಲೇ ಇಲ್ಲ. ಅದು ಅಕ್ಕಿಹಿಟ್ಟು ಕಲಸಿಟ್ಟ ಹಾಗೆ ಬೆಳ್ಳಗಿತ್ತು. ಅವಳು ಆ ಬಟ್ಟೆಯನ್ನು ಮುತ್ತುಗದ ಎಲೆಯಲ್ಲಿ ಸುತ್ತಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋಗಿ ಮಕ್ಕಳ ಡಾಕ್ಟರ ಮೇಜಿನ ಮೇಲೆ ಬಿಚ್ಚಿದಳು. ನರ್ಸು ಮೂಗು ಮುಚ್ಚಿಕೊಂಡಳು. ಡಾಕ್ಟರು ಕುರ್ಚಿಯಿಂದ ಎದ್ದು ನಿಂತರು.

ಅವರು ರೇಣುಕಾಳಿಗೆ ಎರಡು ಮಾತು ಹೇಳಿದರು. ಪಿತ್ತ ಹರಿಯುವ ನಾಳ ಹುಟ್ಟಿನಿಂದಲೇ ಮುಚ್ಚಿಕೊಂಡಿರಬಹುದು. ಹಾಗಿದ್ದರೆ ಅರವತ್ತು ದಿನ ತುಂಬುವುದರೊಳಗೆ ಆಪರೇಷನ್ ಆಗಬೇಕು, ತಡವಾದಷ್ಟೂ ಈಲಿ, ಅಂದರೆ ಲಿವರ್, ಹಾಳಾಗುತ್ತದೆ. ಎರಡನೆಯದು, ಸ್ಕ್ಯಾನಿಗೆ ಮುಂಚೆ ನಾಲ್ಕು ಗಂಟೆ ಮಗುವಿಗೆ ಒಂದು ತೊಟ್ಟು ಹಾಲೂ ಕೊಡಬಾರದು. ಚೀಟಿಯಲ್ಲಿ ಅದನ್ನು ದಪ್ಪಗೆ ಬರೆದು ಕೆಳಗೆ ಗೆರೆ ಎಳೆದರು. ರೇಣುಕಾ ಏಳನೇ ಕ್ಲಾಸು ಓದಿದವಳು. ಎರಡು ಮಾತನ್ನೂ ಬಾಯಿಪಾಠ ಮಾಡಿಕೊಂಡಳು.

ಆ ಮಂಗಳವಾರ ಅವಳು ಬೆಳಿಗ್ಗೆ ಏಳಕ್ಕೆ ಮಗುವಿಗೆ ಹಾಲು ಕೊಟ್ಟು, ಎದೆಯ ಮೇಲೆ ಸೆರಗು ಬಿಗಿದು, ಎರಡು ಬಸ್ಸು ಹಿಡಿದು ಬಂದಿದ್ದಳು. ಬಸ್ಸಿಡೀ ಮಗು ಅತ್ತಿತ್ತು. ಕೌಂಟರಿನಲ್ಲಿ ಯತೀಶ್ ಎಂಬ ಗುಮಾಸ್ತ ಕಂಪ್ಯೂಟರಿಗೆ ಹೆಸರು ತುಂಬಿಸತೊಡಗಿದ. ‘ಹೆಣ್ಣು’ ಎಂದು ಒತ್ತಿದ ಕೂಡಲೇ ಕಂಪ್ಯೂಟರು ಗಂಡನ ಹೆಸರು ಕೇಳಿತು, ಕೊನೆಯ ಮುಟ್ಟಿನ ತಾರೀಖು ಕೇಳಿತು. ಅದನ್ನು ತುಂಬದೆ ಮುಂದಿನ ಪುಟ ತೆರೆಯುವುದಿಲ್ಲವೆಂದು ಹಟ ಹಿಡಿಯಿತು.

“ಬೆಟ್ಟಣ್ಣ, ನಲವತ್ತೆರಡು ದಿನದ್ ಮಗೀಗೆ ಗಂಡನ್ ಹೆಸ್ರು ಏನ್ ಹಾಕ್ಲಿ?”

“ಅಪ್ಪನ್ದೇ ಹಾಕ್ಬುಡು. ತಾರೀಕು ಇವತ್ತಿಂದು ಹಾಕು. ಸರ್ಕಾರಕ್ಕೆ ಖಾಲಿ ಜಾಗ ಕಂಡ್ರೆ ಆಗಲ್ಲ ಅಷ್ಟೆ” ಎಂದ ಬೆಟ್ಟಸ್ವಾಮಿ. ತನಗೂ ಆಗುವುದಿಲ್ಲವೆಂಬುದು ಆಗ ಅವನಿಗೆ ಹೊಳೆಯಲಿಲ್ಲ.

ಟೋಕನ್ ಕೂಗುವ ಹತ್ತು ನಿಮಿಷ ಮುಂಚೆ ಅವನು ಅಳುವ ಮಗುವಿನ ಬಳಿ ಬಂದು ನಿಂತ.

“ಏನವ್ವ, ಮಗು ಹಿಂಗೆ ಒದ್ದಾಡ್ತಾ ಅದೆ? ಹಾಲು ಕುಡ್ಸು.”

“ಡಾಕ್ಟ್ರು ಬ್ಯಾಡ ಅಂದವ್ರೆ ಅಣ್ಣ. ನಾಲ್ಕು ಗಂಟೆ ಕೊಡ್ಕೂಡ್ದಂತೆ.”

“ಯಾವ್ ಡಾಕ್ಟ್ರು?”

“ಆಸ್ಪತ್ರೆ ಡಾಕ್ಟ್ರು. ಚೀಟೀಲಿ ಬರ್ದವ್ರೆ, ನೋಡಿ.”

“ಆ ಡಾಕ್ಟ್ರು ಅಲ್ಲಿ ಅವ್ರೆ. ಇಲ್ಲಿರೋನು ನಾನು. ಹತ್ತೊಂಬತ್ತು ವರ್ಷ್ದಿಂದ ನೋಡ್ತಾ ಇವ್ನಿ. ಮಗು ಅಲ್ಲಾಡುದ್ರೆ ಒಳಗಿರೋ ಡಾಕ್ಟ್ರು ಆಚೆಗಟ್ಟುತಾರೆ. ಕುಡ್ಸವ್ವ, ಕುಡ್ಸು.”

ರೇಣುಕಾ ಚೀಟಿ ಹಿಡಿದ ಕೈಯನ್ನು ಚಾಚಿಯೇ ಇದ್ದಳು. ಅವನು ಅದನ್ನು ಮೆಲ್ಲಗೆ ಮಡಚಿ ಅವಳ ಮಡಿಲಿಗೇ ಹಾಕಿದ. ಚಿಕ್ಕಮಾದಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮಗುವೇ ತಾಯಿಯ ಸೆರಗನ್ನು ಹುಡುಕಿಕೊಂಡಿತು. ಮೂರು ಮುಕ್ಕಾಲು ಗಂಟೆ ಕಾದ ಹಸಿವು. ಗಟಗಟನೆ ಕುಡಿದು, ತುಟಿಯಲ್ಲಿ ಹಾಲಿಟ್ಟುಕೊಂಡೇ ನಿದ್ದೆ ಹೋಯಿತು.

“ನೋಡು, ಎಂಗೆ ಮಲಿಕತ್ತು!” ಎಂದ ಬೆಟ್ಟಸ್ವಾಮಿ.

ಒಳಗೆ ಡಾಕ್ಟರ್ ಮಹೇಶ್‌ಕುಮಾರ್ ಮಗುವಿನ ಹೊಟ್ಟೆಯ ಮೇಲೆ ಯಂತ್ರದ ಮೊನೆಯನ್ನಿಟ್ಟು ಹತ್ತು ನಿಮಿಷ ಹುಡುಕಿದರು. ಎಳೆಮಕ್ಕಳ ಹೊಟ್ಟೆ ನೋಡಲು ಬಲ್ಲವರು ಆ ಭಾಗದಲ್ಲಿ ಅವರೊಬ್ಬರೇ. ಬರುವುದು ಮಂಗಳವಾರ ಮಾತ್ರ.

“ಹಾಲು ಯಾವಾಗ ಕೊಟ್ಟಿದ್ದು?”

“ಈಗ್ತಾನೆ ಸಾರ್.”

“ಈಗ್ತಾನೆ! ಚೀಟೀಲಿ ಇಷ್ಟು ದಪ್ಪಗೆ ಬರೆದಿದ್ದಾರಲ್ಲಮ್ಮ, ಖಾಲಿ ಹೊಟ್ಟೆ ಅಂತ! ನೀವುಗಳು ಹೇಳಿದ್ದು ಒಂದೂ ಕೇಳೋದಿಲ್ಲ. ಹಾಲು ಕುಡಿದರೆ ಪಿತ್ತಕೋಶ ಮುದುರಿಕೊಳ್ಳುತ್ತೆ. ಈಗ ಅದು ಕಾಣ್ತಾ ಇಲ್ಲ. ಇಲ್ಲದ್ದಕ್ಕೆ ಕಾಣ್ತಾ ಇಲ್ವೋ, ಹಾಲು ಕುಡಿದದ್ದಕ್ಕೆ ಕಾಣ್ತಾ ಇಲ್ವೋ, ನಾನು ಏನಂತ ಬರೀಲಿ?”

ರೇಣುಕಾ ಬೆಟ್ಟಸ್ವಾಮಿಯನ್ನು ನೋಡಿದಳು. ಹತ್ತೊಂಬತ್ತು ವರ್ಷದ ಅನುಭವಸ್ಥ ಆಗ ಪರದೆಯ ಉಂಗುರವೊಂದು ಸಿಕ್ಕಿಹಾಕಿಕೊಂಡದ್ದನ್ನು ಬಿಡಿಸುವುದರಲ್ಲಿ ಮಗ್ನನಾಗಿದ್ದ. ಉಂಗುರ ಸಿಕ್ಕಿಕೊಂಡಿರಲಿಲ್ಲ.

ಅವಳು ಮಗುವಿನ ಹೊಟ್ಟೆಯ ಮೇಲಿನ ಜೆಲ್ ಒರೆಸತೊಡಗಿದಳು. ದೊಡ್ಡವರ ಕೋಣೆಯಲ್ಲಿ ಸತ್ಯ ಹೇಳಿದರೆ ಮುಂದಿನ ಸಲ ಬಾಗಿಲು ತೆರೆಯದೇ ಹೋಗಬಹುದೆಂದು ಹಾಡಿಯಲ್ಲಿ ಹುಟ್ಟಿದವರಿಗೆ ಯಾರೂ ಕಲಿಸಬೇಕಾಗಿಲ್ಲ.

ಡಾಕ್ಟರು ಮೂರು ಗಂಟೆಗೆ ಕೆ.ಆರ್. ನಗರದ ಇನ್ನೊಂದು ಸೆಂಟರಿನಲ್ಲಿರಬೇಕಿತ್ತು, ಮತ್ತೆ ನಾಲ್ಕು ಗಂಟೆ ಕಾಯುವಂತಿರಲಿಲ್ಲ. ‘ಪಿತ್ತಕೋಶ ಸ್ಪಷ್ಟವಿಲ್ಲ, ಖಾಲಿ ಹೊಟ್ಟೆಯಲ್ಲಿ ಮತ್ತೆ ಮಾಡಿಸುವುದು’ ಎಂದು ಬರೆದು ಮುಂದಿನ ಮಂಗಳವಾರಕ್ಕೆ ಹೇಳಿದರು. ಮೈಸೂರಿನಲ್ಲಿ ಕೇಳಿಸಿದರೆ ಅಲ್ಲಿ ಸರದಿ ಇನ್ನೂ ಹನ್ನೆರಡು ದಿನ ಆಚೆಗಿತ್ತು.

ಡಾಕ್ಟರು ಹೊರಡುವಾಗ ಬೆಟ್ಟಸ್ವಾಮಿ ಅವರ ಚೀಲ ಹಿಡಿದುಕೊಂಡು ಕಾರಿನವರೆಗೆ ಹೋದ.

“ಸಾರ್, ಆ ಮಗೀಗೆ ಹಾಲು ಕುಡ್ಸಿದ್ದು ಅಷ್ಟ್ ದೊಡ್ ತಪ್ಪಾ?”

“ನಿಮ್ಮೂರ ಕೆರೆಗೆ ತೂಬು ಇದೆಯಲ್ಲಾ ಬೆಟ್ಟಸ್ವಾಮಿ? ತೂಬು ಎತ್ತಿ ಗದ್ದೆಗೆ ನೀರೆಲ್ಲ ಬಿಟ್ಟಮೇಲೆ ಹೋಗಿ, ಕೆರೆ ತುಂಬಿತ್ತಾ ಇಲ್ವಾ ಅಂತ ನೋಡಿದರೆ ಗೊತ್ತಾಗುತ್ತಾ? ಹಸಿದಾಗ ಪಿತ್ತಕೋಶ ತುಂಬಿರುತ್ತೆ. ಹಾಲು ಬಿತ್ತು ಅಂದ್ರೆ ತೂಬು ಎತ್ತಿದ ಹಾಗೆ. ಹಸಿದಿದ್ದಾಗಲೂ ಅದು ಕಾಣದಿದ್ದರೆ ಆಗ ಅನುಮಾನ. ಇನ್ನು ಹದಿನೆಂಟು ದಿನ ಇತ್ತು ಆ ಮಗುವಿಗೆ. ಅದರಲ್ಲಿ ಏಳು ಆ ತಾಯಿ ಕೈಯಾರೆ ಕಳೆದಳು.”

ಕಾರು ಹೋಯಿತು. ಕಾರಿನ ಧೂಳು ಕೂತ ಮೇಲೂ ಬೆಟ್ಟಸ್ವಾಮಿ ಅಲ್ಲೇ ನಿಂತಿದ್ದ.

ಆ ವಾರವೆಲ್ಲ ಅವನು ತಪ್ಪು ಸಣ್ಣದೆಂದು ತನಗೆ ತಾನೇ ತೋರಿಸಿಕೊಳ್ಳಲು ಹಲವು ದಾರಿ ಹುಡುಕಿದ. ಚೀಟಿಯನ್ನು ಅವಳು ಇನ್ನೊಂದು ಸಲ ತೋರಿಸಬಹುದಿತ್ತು. ಅತ್ತೆಯಾದರೂ ಜೋರು ಮಾಡಬಹುದಿತ್ತು. ಕೊನೆಗೆ, ನಾಲ್ಕು ಗಂಟೆ ಹಸಿದಿರುವುದೆಂದರೆ ಎಷ್ಟು ಕಷ್ಟ ಎಂದು ಸ್ವತಃ ಪರೀಕ್ಷಿಸಲು ನಿರ್ಧರಿಸಿದ. ಗುರುವಾರ ಮಧ್ಯಾಹ್ನ ಒಂದಕ್ಕೆ ಉಂಡು, ಐದರವರೆಗೆ ಏನೂ ಮುಟ್ಟುವುದಿಲ್ಲವೆಂದು ಹೆಂಡತಿಗೆ ಫೋನಿನಲ್ಲಿ ಹೇಳಿದ. ಎರಡೂವರೆಗೆ ಟೀ ಬಂತು. ಟೀ ಆಹಾರವಲ್ಲವೆಂದು ಕುಡಿದ. ಮೂರೂಕಾಲಿಗೆ ಯತೀಶ್ ಬೋಂಡ ತಂದ. ಬೋಂಡ ಆಹಾರವೇ. ಆದರೆ ಬಿಸಿಯಾಗಿತ್ತು. ಮೂರು ತಿಂದಾದ ಮೇಲೆ ಬೆಟ್ಟಸ್ವಾಮಿಗೆ ಆ ನಲವತ್ತೆರಡು ದಿನದ ಕೂಸು, ಎರಡು ಬಸ್ಸಿನ ಕುಲುಕಾಟದಲ್ಲಿ ಮೂರು ಮುಕ್ಕಾಲು ಗಂಟೆ ತಡೆದುಕೊಂಡದ್ದು ನೆನಪಾಯಿತು. ನಾಲ್ಕನೆಯದನ್ನು ಕೆಳಗಿಟ್ಟ.

ಮುಂದಿನ ಮಂಗಳವಾರ ಜುಲೈ ಒಂದು. ಕೂಸಿಗೆ ನಲವತ್ತೊಂಬತ್ತು ದಿನ.

ಬೆಟ್ಟಸ್ವಾಮಿ ಎಂಟಕ್ಕೇ ಬಂದು ರೇಣುಕಾಳಿಗೆಂದು ಮೂಲೆಯ ಕುರ್ಚಿ ಕಾದಿರಿಸಿದ. ಅವಳು ಬಂದಳು, ಕೂತಳು, ಅವನ ಕಡೆ ನೋಡಲಿಲ್ಲ. ಏಳಕ್ಕೆ ಹಾಲು ಕೊಟ್ಟಿದ್ದಾಳೆಂದು ಚಿಕ್ಕಮಾದಿಯಿಂದ ತಿಳಿಯಿತು. ಹನ್ನೊಂದಕ್ಕೆ ಸ್ಕ್ಯಾನು. ಒಂಬತ್ತೂವರೆಗೆ ಮಗು ಕಿರುಗುಟ್ಟಿತು, ಹತ್ತಕ್ಕೆ ಅಳು ಕಾರಿಡಾರನ್ನು ತುಂಬಿತು.

ರಾವಂದೂರಿನಿಂದ ಬಸುರಿ ಮಗಳನ್ನು ಕರೆತಂದಿದ್ದ ಪುಟ್ಟತಾಯಮ್ಮ ಮೊದಲು ಎದ್ದರು.

“ಏನವ್ವ ನೀನು, ಮಗ ಆ ಪಾಟಿ ಬಾಯ್ ಬಡ್ಕತಾ ಅದೆ. ಎದೆಗಾಕ್ಕಬಾರ್ದಾ?”

“ಕೊಡಂಗಿಲ್ಲ” ಎಂದು ಬೆಟ್ಟಸ್ವಾಮಿ ನಡುವೆ ಬಂದ. “ಹನ್ನೊಂದ್ರ ತಂಕ ಒಂದ್ ತೊಟ್ಟೂ ಇಲ್ಲ.”

“ಯಾಕ್ಲಾ? ನಿಮ್ಮವ್ವ ನಿಂಗೂ ಇಂಗೇ ಮಾಡಿದ್ಲಾ?”

ಕಾರಿಡಾರ್ ನಕ್ಕಿತು. ಪುಟ್ಟತಾಯಮ್ಮನಿಗೆ ಹುರುಪು ಬಂತು.

“ನನ್ ಮಗಳ್ಗೆ ಆರ್ ಲೋಟ ನೀರುಯ್ದು ಒಟ್ಟೇನೆ ಕೆರೆ ಮಾಡಿದ್ದೀಯ. ಪಾಪ, ನಿಂತ್ರೆ ನಿಲ್ಲಕ್ಕಾಗಲ್ಲ, ಕೂತ್ರೆ ಕೂರಕ್ಕಾಗಲ್ಲ. ಬ್ಯಾಡ ಬ್ಯಾಡ ಅಂದೋರ್ಗೆ ಬಲವಂತ, ಆಲು ಬೇಕು ಅನ್ನೋ ಕೂಸ್ಗೆ ಉಪಾಸ! ಎಂಥಾ ನ್ಯಾಯ ಕಣ್ಲಾ ನಿಂದು?”

“ಅದು ಪಿತ್ತದ್ ಚೀಲ ಕಣವ್ವ. ಹಸ್ದಿದ್ರೇನೆ ಕಾಣೋದು.”

“ನೀನೇನ್ ಡಾಕ್ಟ್ರಾ?”

ಹತ್ತೊಂಬತ್ತು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ.

ನಂತರದ ಒಂದು ಗಂಟೆ ಆ ಕಾರಿಡಾರಿನಲ್ಲಿ ಕರುಣೆ ಉಕ್ಕಿ ಹರಿಯಿತು, ಬೆಟ್ಟಸ್ವಾಮಿ ಅದಕ್ಕೆ ಒಡ್ಡು ಕಟ್ಟುತ್ತಾ ಓಡಾಡಿದ. ಒಬ್ಬಾಕೆ ಬಟ್ಟೆಯ ತುದಿಯನ್ನು ಸಕ್ಕರೆ ನೀರಿನಲ್ಲಿ ಅದ್ದಿ ತಂದಳು. ಇನ್ನೊಬ್ಬಾಕೆಯ ಬೆರಳ ತುದಿಯಲ್ಲಿ ಜೇನಿತ್ತು. ಮೊಣಕಾಲಿನ ಸ್ಕ್ಯಾನಿಗೆ ಬಂದ ಗಂಡಸೊಬ್ಬ ಹಲ್ಲೇ ಇಲ್ಲದ ಕೂಸಿಗೆ ಟೀಯಲ್ಲಿ ನೆನೆಸಿದ ರಸ್ಕ್ ಹಿಡಿದು ನಿಂತ. ಮೂರು ತಿಂಗಳ ಬಾಣಂತಿಯೊಬ್ಬಳು, ನಿನ್ನದು ಬೇಡವೆಂದಿದ್ದರೆ ನನ್ನದು ಕೊಡುತ್ತೇನೆಂದು ಸೆರಗು ಸರಿಸಿಯೇ ಬಿಟ್ಟಳು. ಬೈಲಕುಪ್ಪೆಯಿಂದ ಬಂದಿದ್ದ ಟಿಬೆಟನ್ ಅಜ್ಜಿಯೊಬ್ಬರು ಮಾತ್ರ ಏನನ್ನೂ ಕೊಡದೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಮೆಲ್ಲಗೆ ಗುನುಗುತ್ತಾ ಅಡ್ಡಾಡಿದರು. ಬೆಟ್ಟಸ್ವಾಮಿ ಅವರ ಹಿಂದೆಯೇ ಅಡ್ಡಾಡಿದ, ಕಣ್ಣನ್ನು ಅವರ ಕೈಚೀಲದ ಮೇಲಿಟ್ಟು.

ಹನ್ನೊಂದಾಯಿತು. ಡಾಕ್ಟರು ಬರಲಿಲ್ಲ. ಹನ್ನೊಂದೂಕಾಲು. ಯತೀಶ್ ಫೋನು ಮಾಡಿದ, ತೆಗೆಯಲಿಲ್ಲ.

“ಬೆಟ್ಟಣ್ಣ, ಇವತ್ತು ಡಾಕ್ಟರ್ಸ್ ಡೇ ಅಲ್ವಾ? ಮೇನ್ ರೋಡ್ ಕಲ್ಯಾಣ ಮಂಟಪದಲ್ಲಿ ಸನ್ಮಾನ. ಒಂಬತ್ತೂವರೆಗೇ ಅಂದಿದ್ರಂತೆ. ಮುಖ್ಯ ಅತಿಥಿ ಈಗ ಬಂದವ್ರಂತೆ.”

“ಸನ್ಮಾನ ಯಾತಕ್ಕೆ?”

“ಜೀವರಕ್ಷಕ ಅಂತ.”

ಬೆಟ್ಟಸ್ವಾಮಿ ಮಗುವನ್ನು ನೋಡಿದ. ಈಗ ಅದರ ಅಳುವಿನಲ್ಲಿ ದನಿ ಕಡಿಮೆಯಾಗಿತ್ತು. ಬಾಯಿ ಮಾತ್ರ ತೆರೆದು ಮುಚ್ಚುತ್ತಿತ್ತು. ರೇಣುಕಾಳ ರವಿಕೆ ಹಾಲಿಗೆ ಒದ್ದೆಯಾಗಿತ್ತು. ಇನ್ನೊಂದು ಗಂಟೆ ಕಾದರೆ ಯಾವ ತಾಯಿಯೂ ತಡೆಯಲಾರಳು, ತಡೆಯಲೂಬಾರದು. ಕುಡಿಸಿದರೆ ಮತ್ತೆ ಏಳು ದಿನ. ನಲವತ್ತೊಂಬತ್ತಕ್ಕೆ ಏಳು ಸೇರಿಸಿದರೆ ಐವತ್ತಾರು. ಲೆಕ್ಕದಲ್ಲಿ ಅವನು ಎಂದೂ ಗಟ್ಟಿಗನಲ್ಲ, ಆದರೆ ಇದೊಂದು ಲೆಕ್ಕ ವಾರವಿಡೀ ಅವನ ಜೊತೆ ಬಸ್ಸಿನಲ್ಲಿ ಬಂದು ಹೋಗಿತ್ತು.

“ಅವ್ವ, ನಾನು ಡಾಕ್ಟ್ರನ್ನ ಕರ್ಕಬತ್ತೀನಿ. ಇವ್ರು ಯಾರೂ ಏನೂ ಕುಡುಸ್ದಂಗೆ...”

ರೇಣುಕಾ ಆ ದಿನ ಮೊದಲ ಸಲ ಅವನ ಮುಖ ನೋಡಿದಳು.

“ಓದ್ ವಾರ್ವೂ ಕೊಡ್ದೇನೆ ಬಂದಿದ್ದೋಳು ನಾನೇ ಅಲ್ವಾ ಅಣ್ಣ? ನೀವು ಓಗ್ಬನ್ನಿ. ನೀವಿಲ್ದಿದ್ರೆ ಕೊಡ್ಸೋರೂ ಇಲ್ಲ.”

ಅವನು ಓಡಿದ. ಐವತ್ತಮೂರು ವರ್ಷದ ಬೆಟ್ಟಸ್ವಾಮಿ ಓಡಿದ್ದನ್ನು ಹುಣಸೂರು ಅದೇ ಮೊದಲು ನೋಡಿದ್ದು.

ಮಂಟಪದ ವೇದಿಕೆಯ ಮೇಲೆ ಎಂಟು ಜನ ವೈದ್ಯರು ಸಾಲಾಗಿ ಕೂತಿದ್ದರು. ಎಲ್ಲರ ತಲೆಗೂ ಮೈಸೂರು ಪೇಟ, ಹೆಗಲಿಗೆ ಶಾಲು, ಮಡಿಲಲ್ಲಿ ಪ್ಲಾಸ್ಟಿಕ್ ಹೊದೆಸಿದ ಹಣ್ಣಿನ ಬುಟ್ಟಿ. ಆರನೆಯವರು ಮಹೇಶ್‌ಕುಮಾರ್. ಭಾಷಣಕಾರರು, ವೈದ್ಯನಾದವನು ಗಡಿಯಾರ ನೋಡುವುದಿಲ್ಲ ಎಂದು ಹೇಳುತ್ತಿದ್ದರು. ಆ ಮಾತಿನ ಸತ್ಯವನ್ನು ಸಭೆ ಎರಡು ಗಂಟೆಯಿಂದ ಕಣ್ಣಾರೆ ಕಾಣುತ್ತಿತ್ತು.

ಬೆಟ್ಟಸ್ವಾಮಿ ಮೆಟ್ಟಿಲು ಹತ್ತಿದ. ಹಾರ ತಂದವನಿರಬೇಕೆಂದು ಸ್ವಯಂಸೇವಕರು ದಾರಿ ಬಿಟ್ಟರು.

“ಬೆಟ್ಟಸ್ವಾಮಿ! ಏನಯ್ಯಾ ಇಲ್ಲಿ?” ಎಂದರು ಡಾಕ್ಟರು, ನಗುವನ್ನು ಸಭೆಯ ಕಡೆಗೆ ಇಟ್ಟುಕೊಂಡೇ.

“ಮಗು ಹಸ್ಕಂಡದೆ ಸಾರ್.”

“ಹತ್ತು ನಿಮಿಷ. ಸ್ಮರಣಿಕೆ ಒಂದು ಬಾಕಿ ಇದೆ.”

“ನಾಲ್ಕೂವರೆ ಗಂಟೆ ಆಯ್ತು ಸಾರ್.”

“ಈ ಸಲವಾದರೂ ಆ ತಾಯಿ ನಾವು ಹೇಳಿದ ಮಾತು ಕೇಳಿ ಹಾಲು ಕೊಡದೆ ಬಂದಿದ್ದಾಳೋ?”

ವೇದಿಕೆಯ ನಿರೂಪಕಿ ಬಹಳ ಚುರುಕಿನವರು. ಸಾಮಾನ್ಯ ಮನುಷ್ಯನೊಬ್ಬ ವೈದ್ಯರಿಗೆ ಕೃತಜ್ಞತೆ ಹೇಳಲು ಬಂದಿದ್ದಾನೆಂದು ಭಾವಿಸಿ, ಓಡಿ ಬಂದು ಮೈಕನ್ನು ಬೆಟ್ಟಸ್ವಾಮಿಯ ಬಾಯಿಗೆ ಹಿಡಿದರು. ಹಾಗಾಗಿ ಅವನ ಮುಂದಿನ ಮಾತು ನಾಲ್ಕು ಧ್ವನಿವರ್ಧಕಗಳಿಂದ ಒಟ್ಟಿಗೇ ಬಂತು.

“ಓದ್ ವಾರಾನೂ ಅವಳು ಕೊಡ್ದೇನೆ ಬಂದಿದ್ಲು ಸಾರ್. ಚೀಟಿ ತೋರ್ಸುದ್ಲು, ನಾನ್ ನೋಡ್ನಿಲ್ಲ. ಬಲವಂತ ಮಾಡಿ ಕುಡ್ಸಿದ್ದು ನಾನು. ನೀವು ಅವಳನ್ನ ಬಯ್ಯುವಾಗ ಬಾಯ್ ಮುಚ್ಕಂಡು ನಿಂತಿದ್ದೂ ನಾನೇ. ಏಳು ದಿನ ತಿಂದಾಕ್ಬುಟ್ಟೆ. ಈಗ ಎದ್ದೇಳಿ ಸಾರ್, ಕಾಲಿಗ್ ಬೀಳ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ತಟ್ಟಬೇಕೆಂದು ತಿಳಿದು ಎಲ್ಲರೂ ತಟ್ಟಿದರು. ಮುಖ್ಯ ಅತಿಥಿಗಳು ಕಣ್ಣೊರೆಸಿಕೊಂಡರು.

ಮಹೇಶ್‌ಕುಮಾರ್ ಚಪ್ಪಾಳೆ ಮುಗಿಯುವವರೆಗೆ ಕಾಯಲಿಲ್ಲ. ಹಣ್ಣಿನ ಬುಟ್ಟಿಯನ್ನು ಪಕ್ಕದವರ ಮಡಿಲಿಗಿಟ್ಟು, ಹಿಂದಿನ ಬಾಗಿಲಿನಿಂದ ಇಳಿದರು. ಬೀದಿಯಲ್ಲಿ ಬೆಟ್ಟಸ್ವಾಮಿಯ ಜೊತೆ ನಡೆಯುವಾಗ ಅವರು ಒಂದೇ ಮಾತು ಕೇಳಿದರು: “ಅವಳು ಯಾಕೆ ಹೇಳಲಿಲ್ಲ?” ಉತ್ತರ ತಮಗೇ ತಿಳಿಯಿತೆಂಬಂತೆ ಬೇಗ ಬೇಗ ಹೆಜ್ಜೆ ಹಾಕಿದರು. ಪೇಟ ತಲೆಯ ಮೇಲೇ ಇತ್ತು.

ಕತ್ತಲು ಮಾಡಿದ ಕೋಣೆಯಲ್ಲಿ ಚಿಕ್ಕಮಾದಿ ತನ್ನ ಕಿರುಬೆರಳನ್ನು ಮಗುವಿನ ಬಾಯಿಗಿಟ್ಟಳು. ಹಸಿದ ಕೂಸು ಆ ಬರಿಯ ಬೆರಳನ್ನು ನಂಬಿ ಚೀಪುತ್ತಾ ಸುಮ್ಮನಾಯಿತು. ಡಾಕ್ಟರು ಜೆಲ್ಲನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಹಚ್ಚಿದರು. ಯಂತ್ರದ ಪರದೆಯ ಮೇಲೆ ಬೂದು ಮೋಡಗಳು ಸರಿದವು. ಈಲಿಯ ಕೆಳಗೆ, ನಾಲ್ಕೂವರೆ ಗಂಟೆಯ ಹಸಿವಿಗೆ ತುಂಬಿ ನಿಲ್ಲಬೇಕಿದ್ದ ಪುಟ್ಟ ಚೀಲ ಇರಲಿಲ್ಲ. ಅದರ ಜಾಗದಲ್ಲಿ ದಾರದಂಥ ಒಂದು ಗೆರೆ. ಸ್ವಲ್ಪ ಮೇಲೆ, ನಾಳ ಹೊರಡಬೇಕಾದ ಕಡೆ, ಬಿಳಿಯ ಮುಕ್ಕೋನದ ಒಂದು ಗಂಟು. ಅವರು ಮೂರು ಸಲ ಅಲ್ಲಿಗೇ ಹಿಂತಿರುಗಿ ನೋಡಿದರು.

“ಈ ಸಲ ಹಾಲಿನ ನೆಪ ಇಲ್ಲ” ಎಂದರು ಮೆಲ್ಲಗೆ. ಬಳಿಕ ರೇಣುಕಾಳ ಕಡೆ ತಿರುಗಿದರು. “ನಾಳ ಮುಚ್ಚಿದೆ ಅಂತಲೇ ಕಾಣುತ್ತಮ್ಮ. ಸ್ಕ್ಯಾನೇ ಕೊನೆಯಲ್ಲ, ಬೆಂಗಳೂರಲ್ಲಿ ಇನ್ನೂ ಪರೀಕ್ಷೆ ಮಾಡ್ತಾರೆ. ಆದರೆ ಇವತ್ತೇ ಹೊರಡಬೇಕು. ನಾನೇ ಫೋನ್ ಮಾಡ್ತೀನಿ. ಹೋದ ವಾರ ನಿಮಗೆ ಬೈದಿದ್ದು...” ಎಂದು ನಿಲ್ಲಿಸಿದರು. “ಈಗ ಹಾಲು ಕೊಡಮ್ಮ.”

ಕಾರಿಡಾರಿನ ಮೂಲೆಯ ಕುರ್ಚಿಯಲ್ಲಿ ರೇಣುಕಾ ಮಗುವನ್ನು ಎದೆಗೆ ತೆಗೆದುಕೊಂಡಳು. ಪುಟ್ಟತಾಯಮ್ಮ ತಮ್ಮ ಸೀರೆಯ ಸೆರಗನ್ನೇ ಅಡ್ಡ ಹಿಡಿದು ನಿಂತರು.

“ಕುಡೀತಾ ಅದಾ?” ಎಂದಳು ಸೆರಗಿನಾಚೆಯಿಂದ ಬಸುರಿಯೊಬ್ಬಳು.

“ಕುಡೀತಾ ಅದೆ ಕಣವ್ವ” ಎಂದರು ಪುಟ್ಟತಾಯಮ್ಮ.

ಹನ್ನೆರಡು ಜನ ಬಸುರಿಯರು ಬೆಳಗಿನಿಂದ ಬೆಟ್ಟಸ್ವಾಮಿಯ ನೀರನ್ನು ಹೊಟ್ಟೆಯಲ್ಲಿ ತಡೆದುಕೊಂಡು ಕೂತಿದ್ದರು. ಆ ಹೊತ್ತಿನಲ್ಲಿ ಅವರಲ್ಲಿ ಒಬ್ಬರೂ ತಮ್ಮ ಟೋಕನ್ ಸಂಖ್ಯೆ ಕೇಳಲಿಲ್ಲ. ಗುಟುಕಿನ ಸದ್ದು ಮಾತ್ರ ಕೇಳುತ್ತಿತ್ತು.

ಬೆಂಗಳೂರಿಗೆ ಕರೆದೊಯ್ಯಲು ಬಂದ ವಾಹನ ಹೊರಡುವಾಗ ಬೆಟ್ಟಸ್ವಾಮಿ ಕಿಟಕಿಯ ಬಳಿ ಹೋಗಿ, “ತಪ್ಪಾಯ್ತು ಕಣವ್ವ” ಎಂದ. ಇಂಜಿನ್ನಿನ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಚಿಕ್ಕಮಾದಿ ಮಾತ್ರ, ಅವನ ಫೋನ್ ನಂಬರನ್ನು ಚೀಟಿಯ ಹಿಂದೆ ಬರೆಸಿಕೊಂಡಳು.

ಮರುದಿನ ಊರಿನ ವಾಟ್ಸಾಪ್ ಗುಂಪುಗಳಲ್ಲಿ ‘ವೈದ್ಯರ ದಿನದಂದು ಸಿಬ್ಬಂದಿಯ ಮನಮುಟ್ಟುವ ಭಾಷಣ’ ಎಂಬ ವಿಡಿಯೋ ಓಡಾಡಿತು. ಸೆಂಟರಿನ ಮಾಲೀಕರು ಎರಡು ಸಲ ನೋಡಿ ಯೋಚಿಸಿದರು. ಮೂರನೆಯ ದಿನ ಬಾಗಿಲಿಗೆ ಹೊಸ ಫಲಕ ಬಂತು: ‘ವೈದ್ಯರ ಚೀಟಿಯಲ್ಲಿ ಬರೆದಂತೆ ನಡೆದುಕೊಳ್ಳುವುದು ರೋಗಿಗಳ ಜವಾಬ್ದಾರಿ. ತಪ್ಪಿದಲ್ಲಿ ಸಂಸ್ಥೆ ಹೊಣೆಯಲ್ಲ.’ ಅದಕ್ಕೆ ಮೊಳೆ ಹೊಡೆಯುವ ಕೆಲಸ ಬೆಟ್ಟಸ್ವಾಮಿಗೇ ಬಂತು. ಹೊಡೆದ. ಆದರೆ ಆ ದಿನದಿಂದ ಅವನು ಬಂದವರ ಚೀಟಿಯನ್ನೆಲ್ಲ ಕನ್ನಡಕ ಹಾಕಿ, ಅರ್ಥವಾಗದ್ದನ್ನು ಯತೀಶನಿಂದ ಓದಿಸಿ, ಆಮೇಲೆ ಲೋಟಕ್ಕೆ ಕೈ ಹಾಕತೊಡಗಿದ. ಸಾಲು ಉದ್ದವಾಯಿತು. ಬೆಟ್ಟಸ್ವಾಮಿಗೆ ವಯಸ್ಸಾಯಿತು, ಮೊದಲಿನ ಚುರುಕಿಲ್ಲ ಎಂದು ಜನ ಮಾತಾಡಿಕೊಂಡರು.

ಐವತ್ತಮೂರನೆಯ ದಿನ ಮಗುವಿಗೆ ಆಪರೇಷನ್ ಆಯಿತೆಂದು ಡಾಕ್ಟರಿಂದ ತಿಳಿಯಿತು. ಪಿತ್ತ ಹರಿಯುತ್ತದೋ ಇಲ್ಲವೋ ಕಾದು ನೋಡಬೇಕು, ಹರಿದರೆ ಬೆಳ್ಳಗಿದ್ದ ಮಲಕ್ಕೆ ಬಣ್ಣ ಬರುತ್ತದೆ ಎಂದರು. ಬೆಟ್ಟಸ್ವಾಮಿ ಕಾದ. ಫೋನನ್ನು ಅಂಗಿಯ ಜೇಬಿನಿಂದ ತೆಗೆದು ನೋಡುವುದು, ಮತ್ತೆ ಇಡುವುದು. ಎಂಟು ದಿನ.

ಒಂಬತ್ತನೆಯ ದಿನ ಸಂಜೆ, ಬಿಳಿಕೆರೆಯ ಕಡೆ ಹೊರಟ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ ಫೋನು ಬಂತು. ಚಿಕ್ಕಮಾದಿಯ ದನಿ. ಗದ್ದಲದಲ್ಲಿ ಅವನು ಒಂದು ಕಿವಿ ಮುಚ್ಚಿಕೊಂಡು ಕೂಗಿದ:

“ಏನು? ಹಳದೀನಾ? ಸರ್ಯಾಗ್ ನೋಡಿದ್ರಾ? ಹಸ್ರು ಹಳದೀನಾ, ಬರೀ ಹಳದೀನಾ?”

ಪಕ್ಕದ ಸೀಟಿನಲ್ಲಿ ಚಿತ್ರಾನ್ನದ ಡಬ್ಬಿ ಬಿಚ್ಚಿದ್ದ ಹೆಂಗಸು ತಲೆಯೆತ್ತಿದಳು. “ಏನಣ್ಣ, ಒಳ್ಳೆ ಸುದ್ದೀನಾ?”

“ಮಗು ಹಳದಿ ಕಕ್ಕ ಮಾಡ್ಯದೆ ಕಣವ್ವ!” ಎಂದು ಬೆಟ್ಟಸ್ವಾಮಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಹೆಂಗಸು ಡಬ್ಬಿಯ ಮುಚ್ಚಳ ಹಾಕಿದಳು. ಕಂಡಕ್ಟರು ಟಿಕೆಟ್ ಹರಿಯುವುದನ್ನು ಬಿಟ್ಟು ನೋಡಿದ. ಬೆಟ್ಟಸ್ವಾಮಿಯ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದನ್ನು ತಡೆದುಕೊಳ್ಳುವ ವಿದ್ಯೆ ಅವನಿಗೆ ತಿಳಿದಿರಲಿಲ್ಲ.

ಅತ್ತ ಫೋನು ಕೈ ಬದಲಾಯಿಸಿತು. ರೇಣುಕಾ.

“ಇನ್ನೂ ಪೂರ್ತಿ ಗೆದ್ದಂಗಲ್ಲ ಅಂದವ್ರೆ ಅಣ್ಣ. ಕಣ್ಣಿನ್ ಹಳದಿ ಇಳೀಬೇಕಂತೆ. ಇನ್ನೊಂದ್ ವಾರ ಮೊದ್ಲೇ ಬಂದಿದ್ರೆ ಇನ್ನೂ ಸಲೀಸಾಗ್ತಿತ್ತು ಅಂದ್ರು.”

ಬಸ್ಸು ಒಂದು ಉಬ್ಬು ಹಾರಿತು. ಬೆಟ್ಟಸ್ವಾಮಿ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ನನ್ ಮ್ಯಾಲೆ ಕ್ವಾಪನೇನವ್ವ?”

ಆ ಕಡೆಯಿಂದ ಮಗುವಿನ ಕಿರುಗುಟ್ಟುವ ದನಿ ಕೇಳಿಸಿತು.

“ಕ್ವಾಪ ಮಾಡ್ಕಳಕ್ಕೆ ಈಗ ಪುರುಸೊತ್ತಿಲ್ಲ ಕಣಣ್ಣ. ಮಗೀಗೆ ಹಾಲು ಕೊಡೋ ಹೊತ್ತು” ಎಂದು ರೇಣುಕಾ ಫೋನಿಟ್ಟಳು.